ಏಡ್ಸ್ ಜಾಗೃತಿಗೆ ಪೋಸ್ಟರ್ ಮಾಡುವುದು ಹೇಗೆ

ಚಿತ್ರ, ಬಣ್ಣಗಳ ಯೋಚನೆಗೆ ಮುನ್ನ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಪೋಸ್ಟರ್ ನೋಡಿದವರು ಏನು ಮಾಡಬೇಕು? ‘ಏಡ್ಸ್ ಬಗ್ಗೆ ತಿಳಿದುಕೊಳ್ಳಲಿ’ ಎಂಬ ಉತ್ತರ ಸಾಲದು. ‘ಗರ್ಭಿಣಿಯರು ಮೊದಲ ತಪಾಸಣೆಯಲ್ಲೇ ಎಚ್‌ಐವಿ ಪರೀಕ್ಷೆ ಮಾಡಿಸಲಿ’ ಎಂದರೆ ಸರಿ. ಹರಡುವ ದಾರಿ, ಲಕ್ಷಣ, ಚಿಕಿತ್ಸೆ ಎಲ್ಲವನ್ನೂ ಒಂದೇ ಹಾಳೆಗೆ ತುರುಕಿದರೆ ಅದು ಗೋಡೆಗೆ ಅಂಟಿಸಿದ ಕರಪತ್ರವಾಗುತ್ತದೆ. ನಿಂತು ಓದುವವರು ಯಾರೂ ಇರುವುದಿಲ್ಲ.

ಹೆದರಿಸುವ ಆಸೆ ಎಲ್ಲರಿಗೂ ಬರುತ್ತದೆ. 1987ರಲ್ಲಿ ಬ್ರಿಟನ್ ತನ್ನ ಏಡ್ಸ್ ಪ್ರಚಾರದಲ್ಲಿ ಸಮಾಧಿಕಲ್ಲನ್ನು ತೋರಿಸಿತು. ಅದೇ ವರ್ಷ ಆಸ್ಟ್ರೇಲಿಯಾದ ಟಿವಿ ಜಾಹೀರಾತಿನಲ್ಲಿ ಕುಡುಗೋಲು ಹಿಡಿದ ಸಾವಿನ ಆಕೃತಿ ಜನರನ್ನು ಚೆಂಡೆಸೆದು ಉರುಳಿಸಿತು. ಎರಡೂ ಗಮನ ಸೆಳೆದವು ನಿಜ. ಆದರೆ ಭಯದ ಪಕ್ಕದಲ್ಲೇ ಸುಲಭದ ದಾರಿಯೊಂದು ಕಾಣದಿದ್ದರೆ ನೋಡುಗ ಮುಖ ತಿರುಗಿಸುತ್ತಾನೆ, ಪರೀಕ್ಷೆಗೆ ಬರುವುದಿಲ್ಲ. ಸೋಂಕಿತರನ್ನೇ ಅಪಾಯವೆಂದು ಕಾಣುವುದು ಇದರ ಇನ್ನೊಂದು ಕೆಟ್ಟ ಫಲ. ತಲೆಬುರುಡೆ, ಹಾವು, ಒಣಗಿದ ದೇಹಗಳನ್ನು ಕೈಬಿಡಿ. ಅದೇ 1987ರಲ್ಲಿ ಸ್ವಿಟ್ಜರ್ಲೆಂಡ್ ‘ಸ್ಟಾಪ್ ಏಡ್ಸ್’ ಪ್ರಚಾರದಲ್ಲಿ ‘ಒ’ ಅಕ್ಷರದ ಜಾಗಕ್ಕೆ ಕಾಂಡೋಮಿನ ಸುರುಳಿ ಇಟ್ಟಿತು. ಎಚ್ಚರಿಕೆ, ಪರಿಹಾರ ಎರಡೂ ಒಂದೇ ನೋಟದಲ್ಲಿ ಸಿಕ್ಕವು.

ಮುಖಗಳನ್ನು ಬಳಸುವಾಗ ಎಚ್ಚರ ಬೇಕು. ಒಬ್ಬರ ಫೋಟೊ ಹಾಕಿದೊಡನೆ ಉಳಿದವರು ‘ಇದು ನನಗಲ್ಲ’ ಅಂದುಕೊಳ್ಳುತ್ತಾರೆ. 1987ರಲ್ಲಿ ನ್ಯೂಯಾರ್ಕಿನ ಗೋಡೆಗಳಲ್ಲಿ ಕಾಣಿಸಿಕೊಂಡ ‘ಮೌನವೆಂದರೆ ಸಾವು’ ಪೋಸ್ಟರ್ ಮಾಡಿದ ಆರು ಜನ ಇದೇ ಕಾರಣಕ್ಕೆ ಫೋಟೊ ಬಿಟ್ಟು, ಕಪ್ಪು ಹಿನ್ನೆಲೆಯಲ್ಲಿ ಸಲಿಂಗಿಗಳ ಹೋರಾಟದ ಗುರುತಾದ ಗುಲಾಬಿ ತ್ರಿಕೋನವನ್ನು ಮೇಲ್ಮುಖವಾಗಿಸಿ ಆರಿಸಿಕೊಂಡರು. ದೂರದವರಿಗೆ ದೊಡ್ಡ ಅಕ್ಷರ, ಹತ್ತಿರ ಬಂದವರಿಗೆ ಕೆಳಗೆ ಸಣ್ಣ ಸಾಲು: ಈ ಎರಡು ಹಂತದ ಜೋಡಣೆಯನ್ನು ಇಂದಿಗೂ ಕಣ್ಣುಮುಚ್ಚಿ ಅನುಸರಿಸಬಹುದು.

‘ಸೊಳ್ಳೆಯಿಂದ ಹರಡುವುದಿಲ್ಲ’ ಎನ್ನಲು ಸೊಳ್ಳೆಯ ಚಿತ್ರ ಬರೆದು ಅಡ್ಡಗೆರೆ ಎಳೆಯಬೇಡಿ. ಎಷ್ಟೋ ಜನರ ನೆನಪಿನಲ್ಲಿ ಸೊಳ್ಳೆ ಉಳಿದು ಗೆರೆ ಅಳಿಸಿಹೋಗುತ್ತದೆ. ಒಟ್ಟಿಗೆ ಕೂತು ಉಣ್ಣುವ ಚಿತ್ರವಿಟ್ಟು, ‘ಇದರಿಂದ ಹರಡುವುದಿಲ್ಲ’ ಎಂದು ನೇರವಾಗಿ ಬರೆಯಿರಿ.

ಈಗ ಒಂದು ಪೋಸ್ಟರನ್ನೇ ತೆಗೆದುಕೊಳ್ಳೋಣ. ಎಚ್‌ಐವಿ ತಗುಲಿರಬಹುದಾದ ಸಂದರ್ಭದ ನಂತರ 72 ಗಂಟೆಯೊಳಗೆ ಔಷಧಿ ಶುರುಮಾಡಿ 28 ದಿನ ತೆಗೆದುಕೊಂಡರೆ ಸೋಂಕನ್ನು ತಡೆಯುವ ಸಾಧ್ಯತೆ ಹೆಚ್ಚು. ಇಲ್ಲಿ ‘72’ ಎಂಬ ಅಂಕಿಯೇ ಚಿತ್ರವಾಗಬಹುದು. ಆದರೆ ಬರೀ ‘72 ಗಂಟೆ ಸಮಯವಿದೆ’ ಎಂದು ಬರೆದರೆ ಜನ ಮೂರನೇ ದಿನದವರೆಗೆ ಕಾಯುತ್ತಾರೆ. ಔಷಧಿ ಬೇಗ ಶುರುವಾದಷ್ಟೂ ಒಳ್ಳೆಯದು. ಆದ್ದರಿಂದ ‘ಈಗಲೇ ಆಸ್ಪತ್ರೆಗೆ ಬನ್ನಿ’ ಮೇಲೆ ಬರಲಿ, ‘72 ಗಂಟೆ ದಾಟಬಾರದು’ ಅದರ ಕೆಳಗೆ. 28 ದಿನದ ಮಾತನ್ನು ಸಣ್ಣ ಸಾಲಿಗೆ ಬಿಡಿ.

ಪದಗಳಲ್ಲೂ ಹೀಗೇ ನಿಖರತೆ ಬೇಕು. ವೈರಸ್ಸಿನ ಹೆಸರು ಎಚ್‌ಐವಿ. ಏಡ್ಸ್ ಎಂದರೆ ಚಿಕಿತ್ಸೆಯಿಲ್ಲದೆ ಸೋಂಕು ಮುಂದುವರಿದ ಹಂತ. ‘ಏಡ್ಸ್ ಪೀಡಿತ’ ಬೇಡ, ‘ಎಚ್‌ಐವಿ ಇರುವವರು’ ಸಾಕು. ಚಿಕಿತ್ಸೆಯಿಂದ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಈ ವಾಕ್ಯ ಚಿಕ್ಕದಾಗಲೆಂದು ‘ಲೈಂಗಿಕ’ ಎಂಬುದನ್ನು ಕತ್ತರಿಸಿದರೆ ಅರ್ಥವೇ ಕೆಡುತ್ತದೆ. ಸೂಜಿ ಹಂಚಿಕೆಗೂ ಎದೆಹಾಲಿಗೂ ಅದೇ ಭರವಸೆ ಕೊಟ್ಟಂತಾಗುತ್ತದೆ.

ಎ2 ಹಾಳೆ (420 × 594 ಮಿ.ಮೀ.) ಹೆಚ್ಚಿನ ಗೋಡೆಗಳಿಗೆ ಸಾಕು. ಮೂರು ಮೀಟರ್ ದೂರದಿಂದ ಸಲೀಸಾಗಿ ಓದಲು ಮುಖ್ಯ ಸಾಲಿನ ಅಕ್ಷರ ಸುಮಾರು 25 ಮಿ.ಮೀ. ಎತ್ತರವಿರಲಿ, ಏಳೆಂಟು ಪದ ಮೀರಬೇಡಿ. ಕನ್ನಡದಲ್ಲಿ ಸಾಲುಗಳನ್ನು ಒತ್ತಾಗಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡಿ. ಹಾಳೆ ಕತ್ತರಿಸುವಾಗ ಬಿಳಿ ಅಂಚು ಉಳಿಯದಂತೆ ನಾಲ್ಕೂ ಅಂಚಿನಾಚೆ 3 ಮಿ.ಮೀ. ಹೆಚ್ಚುವರಿ ಬಣ್ಣ ಬಿಡಿ, ಫೋಟೊ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ. ಸಣ್ಣ ಅಕ್ಷರಗಳನ್ನು ಕಪ್ಪು ಶಾಯಿಯೊಂದರಲ್ಲೇ ಮುದ್ರಿಸಿ. ನಾಲ್ಕು ಬಣ್ಣ ಸೇರಿಸಿದ ಕಪ್ಪಾದರೆ ಮುದ್ರಣ ಕೂದಲೆಳೆಯಷ್ಟು ಸರಿದರೂ ಅಕ್ಷರ ಮಸುಕಾಗುತ್ತದೆ.

ಮುದ್ರಣಕ್ಕೆ ಕೊಡುವ ಮುನ್ನ ಎಂಟು ಹತ್ತು ಜನರಿಗೆ ಒಬ್ಬೊಬ್ಬರಿಗೇ ತೋರಿಸಿ. ಮೊದಲು ಅಕ್ಷರ ಮುಚ್ಚಿ ‘ಏನು ಕಾಣುತ್ತಿದೆ?’ ಎಂದು ಕೇಳಿ. ಆಮೇಲೆ ಪೂರ್ತಿ ತೋರಿಸಿ ‘ಇದು ಏನು ಮಾಡಿ ಅನ್ನುತ್ತಿದೆ?’ ಎಂದು. ‘ಅರ್ಥವಾಯಿತೇ?’ ಎಂದರೆ ಎಲ್ಲರೂ ಹೌದು ಅನ್ನುತ್ತಾರೆ. ಎಚ್‌ಐವಿ ಇರುವವರು ಆ ಗುಂಪಿನಲ್ಲಿ ಇರಲೇಬೇಕು. ನೋಯಿಸುವ ಮಾತು ಅವರಿಗೆ ಮೊದಲು ಕಾಣುತ್ತದೆ.

ಅಂಟಿಸುವ ಜಾಗದ ಬಿಸಿಲನ್ನೂ ನೋಡಿಕೊಳ್ಳಿ. ಸಾಮಾನ್ಯ ಶಾಯಿಗಳಲ್ಲಿ ಹಳದಿ, ಮೆಜೆಂಟಾ (ನೇರಳೆ ಛಾಯೆಯ ಕೆಂಪು) ಬೇಗ ಮಾಸುತ್ತವೆ. ಕೆಂಪು ಬರುವುದು ಅವೆರಡರಿಂದಲೇ. ಹಾಗಾಗಿ ಏಡ್ಸ್ ಜಾಗೃತಿಯ ಗುರುತಾಗಿ 1991ರಿಂದ ಬಳಕೆಗೆ ಬಂದ ಕೆಂಪು ರಿಬ್ಬನ್ನೇ ಮೊದಲು ಬಿಳಚಿಕೊಳ್ಳುತ್ತದೆ. ನೆರಳಿನ ಗೋಡೆ ಆರಿಸಿ, ಇಲ್ಲವೇ ಬಿಸಿಲು ತಾಳುವ ಶಾಯಿಯನ್ನೇ ಕೇಳಿ ಹಾಕಿಸಿ. ಪೋಸ್ಟರಿನ ಮೂಲೆಯಲ್ಲಿ ಮುದ್ರಣದ ತಿಂಗಳು, ವರ್ಷ ಇದ್ದರೆ ಸಹಾಯವಾಣಿ ಸಂಖ್ಯೆ ಬದಲಾದಾಗ ಯಾವುದನ್ನು ಕೀಳಬೇಕೆಂದು ತಿಳಿಯುತ್ತದೆ.