ಸ್ಟೀರಿಂಗ್ ಬಾಕ್ಸ್ ಮುಟ್ಟದೆ ಜೀಪಿನ ನಡುಕ ನಿಲ್ಲಿಸಿದ್ದು

ಹಳೇ ಸಿಜೆ-3ಬಿ ಜೀಪ್ ಇಟ್ಟುಕೊಂಡವರಿಗೆ ಈ ರೋಗ ವಿವರಿಸಬೇಕಿಲ್ಲ. ವೇಗ 40 ಕಿ.ಮೀ. ದಾಟಿ ಒಂದು ಹೊಂಡ ಸಿಕ್ಕರೆ ಸಾಕು, ಮುಂದಿನ ಚಕ್ರಗಳು ಗಡಗಡ. ಮೂಡಿಗೆರೆ ಕಡೆ ಯಾರನ್ನು ಕೇಳಿದರೂ ಸ್ಟೀರಿಂಗ್ ಬಾಕ್ಸ್ ಹೋಗಿದೆ, ಬದಲಿಸಿ, ಇಲ್ಲ ನಡುಕ ತಡೆಯುವ ಡ್ಯಾಂಪರ್ ಹಾಕಿಸಿ ಅಂತಲೇ. ಡ್ಯಾಂಪರಿಗೆ 3,000ದ ಹತ್ತಿರ ಸುರಿದೆ. ನಡುಕ 50ಕ್ಕೆ ಶುರುವಾಯಿತು, ಅಷ್ಟೇ ಲಾಭ.

ಆಮೇಲೆ ಮೇಸ್ತ್ರಿ ಶಿಮ್ (ಸಂದು ಹೊಂದಿಸುವ ತೆಳು ತಗಡು) ತೆಗೆದು, ಚಕ್ರ ಎಡಬಲಕ್ಕೆ ಹೊರಳುವ ಕೀಲಾದ ಕಿಂಗ್‌ಪಿನ್ ಟೈಟ್ ಮಾಡಿದ. ನೇರಕ್ಕೆ ಪರವಾಗಿಲ್ಲ, ತಿರುವಿನಲ್ಲಿ ಸ್ಟೀರಿಂಗ್ ಹಿಡಿದುಕೊಳ್ಳತೊಡಗಿತು. ಆ ಕೀಲಿನ ಮೇಲೆ ಚಕ್ರವನ್ನು ಹಿಡಿದಿರುವ ನಕಲ್ ಬಿಚ್ಚಿಸಿದೆ. ಕಿಂಗ್‌ಪಿನ್ ಬೇರಿಂಗಿನ ಕಪ್ (ಹೊರಬಳೆ) ಒಳಗೆ ಉಗುರು ಆಡಿಸಿದರೆ ಟಕ್ ಟಕ್ ಅಂತ ಸಿಕ್ಕಿಕೊಳ್ಳುತ್ತದೆ, ರೋಲರ್ ಕೂತಲ್ಲೆಲ್ಲ ಒಂದೊಂದು ತಗ್ಗು. ಈ ಬೇರಿಂಗ್ ಪೂರ್ತಿ ಸುತ್ತುವುದಿಲ್ಲವಲ್ಲ, ಎಸ್ಟೇಟ್ ರಸ್ತೆಯ ಪೆಟ್ಟೆಲ್ಲ ಅದೇ ಜಾಗಕ್ಕೆ. ಅದಕ್ಕೆ ಶಿಮ್ ತೆಗೆದು ಏನು ಪ್ರಯೋಜನ?

ನಾಲ್ಕೂ ಬೇರಿಂಗ್ ಕಪ್ ಸಮೇತ ಹೊಸದು ತಂದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ 2,000ದ ಆಸುಪಾಸು. ಹಳೇ ಕಪ್ ಹೊರಗೆ ತರಲು ನನ್ನದೊಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ. ಶಿಮ್ ಮೇಲೂ ಕೆಳಗೂ ಸಮ ದಪ್ಪ. ಎಣ್ಣೆ ತಡೆಯುವ ಫೆಲ್ಟ್ ಹಾಕುವ ಮೊದಲೇ, ಎರಡು ಚಕ್ರ ಜೋಡಿಸುವ ಟೈರಾಡ್ ಬಿಚ್ಚಿ, ನಕಲ್ ತೋಳಿನ ತೂತಿಗೆ ಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದೆ. 2ರಿಂದ 3 ಕೆಜಿಯೊಳಗೆ ತಿರುಗಲಿ ಅನ್ನುವುದು ನಾನು ಹಿಡಿದ ಲೆಕ್ಕ. ‘ಕೈಗೇ ಗೊತ್ತಾಗುತ್ತೆ ಸಾರ್, ತಕ್ಕಡಿ ಯಾಕೆ?’ ಅಂತ ಗ್ಯಾರೇಜಲ್ಲಿ ನಗು. ಅವರ ಕೈ ಅಂದಾಜು ತಕ್ಕಡಿಯಲ್ಲಿ 5 ತೋರಿಸಿತು! ಮೇಲೊಂದು ಕೆಳಗೊಂದು 3 ಥೌ (ಇಂಚಿನ ಸಾವಿರದಲ್ಲಿ ಮೂರು ಪಾಲು) ಶಿಮ್ ಸೇರಿಸಿದ ಮೇಲೆ ಎರಡೂವರೆಗೆ ಇಳಿಯಿತು.

ಉಳಿದದ್ದು ಯು-ಶ್ಯಾಕಲ್, ಅಂದರೆ ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಯು ಆಕಾರದ ಕೊಂಡಿ. ಮೊದಲು ತಂದ, ಮರೆ (ಥ್ರೆಡ್) ಇರುವ ಬುಷ್‌ಗಳು ಶ್ಯಾಕಲ್ ಮೇಲೆ ಲೊಳಲೊಳ. 800 ರೂಪಾಯಿ ನೀರಿಗೆ. ಛಲ ಬಿಡದೆ ಲೇತಿನಲ್ಲಿ ನೈಲಾನ್ ಬುಷ್ ಮಾಡಿಸಿದೆ. ಬೇಸಿಗೆ ಪೂರ್ತಿ ಸೊಗಸಾಗಿತ್ತು, ನಮ್ಮ ಮಳೆಗೆ ನೀರು ಕುಡಿದು ಉಬ್ಬಿ ಕಚ್ಚಿಕೊಂಡಿತು. ಕೊನೆಗೆ ಹಳೇ ಸ್ಟಾಕಿನ ಒರಿಜಿನಲ್ ಸೆಟ್ ಸಿಕ್ಕಿತು. ಎಡಕ್ಕೆ ತಿರುಗಿಸಿ ಬಿಗಿಯುವ ಎಡಮರೆಯದ್ದರ ಶ್ಯಾಕಲ್ ಕಾಲಲ್ಲಿ ಚಿಕ್ಕ ಉಬ್ಬು, ಬುಷ್ ತಲೆ ಸುತ್ತ ಗೀರು ಇರುತ್ತದೆ. ನೋಡದೆ ತಿರುಗಿಸಿದರೆ ಮರೆ ಹರಿದುಹೋಗುತ್ತದೆ. ಮೇಲಿನ ಬುಷ್ ಅರ್ಧ ಏರಿಸಿ, ಕೆಳಗಿನದನ್ನು ಅರ್ಧ ಏರಿಸಿ, ಆಮೇಲೆ ಒಂದಾದ ಮೇಲೊಂದರಂತೆ. ಮೇಲಿನದು ಬಿಗಿ. ಕೆಳಗಿನದರ ತಲೆ ಸ್ಪ್ರಿಂಗ್ ಕಣ್ಣಿಗೆ ತಾಗದೆ ಕೂದಲೆಳೆ ದೂರ ನಿಲ್ಲಬೇಕು.

ಒಟ್ಟು 7,000 ಮುಟ್ಟಿರಬಹುದು. ಬಾಕ್ಸ್‌ಗೇ 14,000 ಕೇಳಿದ್ದರು. ಡ್ಯಾಂಪರ್ ಕಿತ್ತು ಮೂಲೆಗೆ ಹಾಕಿದ್ದೇನೆ, 65ರಲ್ಲಿ ಸ್ಟೀರಿಂಗ್ ಒಂದು ಕೈಯಲ್ಲಿ ಹಿಡಿಯಬಹುದು. 500 ಕಿ.ಮೀ. ಓಡಿದ ಮೇಲೆ ಮತ್ತೆ ಎಳೆದು ನೋಡಿದೆ, 2 ಕೆಜಿಯ ಮೇಲೇ ಇದೆ. ಎಡಗಡೆ ಫೆಲ್ಟ್‌ನಿಂದ ಮಾತ್ರ ಎಣ್ಣೆ ಜಿನುಗುತ್ತದೆ. ಗ್ರೀಸಿಗೆ 140 ಗ್ರೇಡಿನ ಗಟ್ಟಿ ಗೇರ್ ಆಯಿಲ್ ಬೆರೆಸಿ ನೋಡುತ್ತಿದ್ದೇನೆ.