ದುಡ್ಡು ಕೊಡದೆ ಟ್ಯಾಕ್ಸ್ ಫೈಲ್ ಮಾಡಿಸಿ: ಅಮೆರಿಕದ ವೀಟಾ ಕೇಂದ್ರಗಳು

ಅಮೆರಿಕಕ್ಕೆ ಬಂದ ಹೊಸದರಲ್ಲಿ ನಮ್ಮ ಮನೆಗೆ ಬರುತ್ತಿದ್ದುದು ಒಂದೇ ಸಂಬಳ. ಟ್ಯಾಕ್ಸ್ ಫೈಲ್ ಮಾಡಿಸಲು ಯಾರೋ ಹೇಳಿದರೆಂದು ಒಬ್ಬರ ಬಳಿ ಹೋದೆವು. 350 ಡಾಲರ್ ತೆಗೆದುಕೊಂಡರು, ರಿಟರ್ನ್ ಮೇಲೆ ತಮ್ಮ ಸಹಿ ಮಾತ್ರ ಹಾಕಲಿಲ್ಲ. ದುಡ್ಡು ತೆಗೆದುಕೊಂಡು ಮಾಡಿಕೊಡುವವರು ಸಹಿ ಹಾಕಲೇಬೇಕು ಅಂತ ನಮಗೆ ಗೊತ್ತಿರಲಿಲ್ಲ. ಮನೆಯಿಂದ ಹತ್ತು ನಿಮಿಷ ದೂರದ ಲೈಬ್ರರಿಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಾರೆ ಎಂದು ತಿಳಿದದ್ದು ಮರುವರ್ಷ.

ಆ ಸೇವೆಯ ಹೆಸರು ವೀಟಾ, ಅಂದರೆ ವಾಲಂಟಿಯರ್ ಇನ್‌ಕಮ್ ಟ್ಯಾಕ್ಸ್ ಅಸಿಸ್ಟೆನ್ಸ್. ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಇದನ್ನು 50 ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಸುತ್ತಿದೆ. ಜನವರಿ ಕೊನೆಯಿಂದ ಏಪ್ರಿಲ್ 15ರ ತನಕ ಲೈಬ್ರರಿ, ಕಾಲೇಜು, ಕಮ್ಯುನಿಟಿ ಸೆಂಟರ್‌ಗಳಲ್ಲಿ ಸ್ವಯಂಸೇವಕರು ಕೂರುತ್ತಾರೆ. ಅವರು ಐಆರ್‌ಎಸ್ ಪರೀಕ್ಷೆ ಪಾಸಾದವರು. ಒಬ್ಬರು ತುಂಬಿದ ರಿಟರ್ನನ್ನು ಇನ್ನೊಬ್ಬರು ನೋಡಿಯೇ ಕಳಿಸುತ್ತಾರೆ. 2025ರಲ್ಲಿ ಆದಾಯದ ಮಿತಿ ಸುಮಾರು 67,000 ಡಾಲರ್ ಇತ್ತು. ಇಂಗ್ಲಿಷ್ ಕಷ್ಟ ಇರುವವರಿಗೂ, ಅಂಗವಿಕಲರಿಗೂ ಈ ಸೇವೆ ಇದೆ. 60 ದಾಟಿದ ಅಪ್ಪ ಅಮ್ಮ ಗ್ರೀನ್ ಕಾರ್ಡ್ ಮೇಲೆ ಬಂದಿದ್ದರೆ ಹಿರಿಯರ ಸಂಸ್ಥೆ ಎಎಆರ್‌ಪಿಯ ಫೌಂಡೇಶನ್ ನಡೆಸುವ ಟ್ಯಾಕ್ಸ್-ಏಡ್ ಕೇಂದ್ರಕ್ಕೂ ಹೋಗಬಹುದು. ಅದಕ್ಕೆ ಸದಸ್ಯರಾಗಬೇಕಿಲ್ಲ.

"ಅದು ಬಡವರಿಗೆ ಅಲ್ವಾ, ನಾವು ಹೇಗೆ ಹೋಗೋದು?" ಎಂದು ನಮ್ಮವರು ಹಿಂಜರಿಯುವುದನ್ನು ನೋಡಿದ್ದೇನೆ. ಕೆಲಸ ಹೋದವರು, ಹೋಟೆಲಿನಲ್ಲಿ ಅಡುಗೆ ಮಾಡುವವರು, ಅಂಗಡಿಯ ಕೌಂಟರಿನಲ್ಲಿ ನಿಲ್ಲುವವರು, ವಿದ್ಯಾರ್ಥಿಗಳು ನಮ್ಮಲ್ಲೂ ಇದ್ದಾರೆ. ವೀಟಾ ಯಾರೋ ಕೊಡುವ ಭಿಕ್ಷೆ ಅಲ್ಲ. ಸಂಕೋಚಕ್ಕೆ ಬಿದ್ದು ಕೈಯಲ್ಲಿದ್ದ 350 ಡಾಲರ್ ಕಳೆದುಕೊಳ್ಳಬೇಡಿ.

ಉಳಿಯುವುದು ಫೀಸು ಮಾತ್ರ ಅಲ್ಲ. ದುಡಿದು ಕಡಿಮೆ ಗಳಿಸುವವರಿಗೆ ಅರ್ನ್ಡ್ ಇನ್‌ಕಮ್ ಕ್ರೆಡಿಟ್ ಎಂಬ ತೆರಿಗೆ ರಿಯಾಯಿತಿ ಇದೆ. 2024ರ ಆದಾಯಕ್ಕೆ, ಮೂರು ಅಥವಾ ಹೆಚ್ಚು ಮಕ್ಕಳಿದ್ದ ಮನೆಗೆ ಅದು 7,830 ಡಾಲರ್ ತನಕ ಇತ್ತು. ಆದರೆ ಗಂಡ ಹೆಂಡತಿ ಜಂಟಿಯಾಗಿ ಫೈಲ್ ಮಾಡುವಾಗ ಇಬ್ಬರಿಗೂ ಕೆಲಸಕ್ಕೆ ಸಲ್ಲುವ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರಬೇಕು. ಎಚ್-4 ವೀಸಾದಲ್ಲಿ (ಕೆಲಸಕ್ಕೆ ಬಂದವರ ಮನೆಯವರಿಗೆ ಕೊಡುವುದು) ಇರುವ ಹೆಂಡತಿಗೆ ಐಟಿಐಎನ್ (ಆ ನಂಬರ್ ಸಿಗದವರಿಗೆ ಐಆರ್‌ಎಸ್ ಕೊಡುವ ತೆರಿಗೆ ನಂಬರ್) ಮಾತ್ರ ಇದ್ದರೆ ಈ ಕ್ರೆಡಿಟ್ ಸಿಗುವುದಿಲ್ಲ. ಮಕ್ಕಳ ಕ್ರೆಡಿಟ್ ಬೇರೆ: 2025ರಿಂದ ಮಗುವಿಗೆ 2,200 ಡಾಲರ್ ತನಕ, ಮಗುವಿಗೂ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೂ ಆ ನಂಬರ್ ಇದ್ದರೆ ಸಾಕು. ಊರಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ದುಡ್ಡು ಕಳಿಸಿದರೂ ಅವರನ್ನು ಡಿಪೆಂಡೆಂಟ್ (ನಿಮ್ಮ ಆಸರೆಯಲ್ಲಿರುವವರು) ಎಂದು ತೋರಿಸುವಂತಿಲ್ಲ. ಮೈಸೂರಿನಲ್ಲಿ ವಾಸವಿರುವ ಭಾರತದ ಪ್ರಜೆಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ನಮ್ಮವರು ಬಾಯಿ ಬಿಡದ ವಿಷಯ, ಊರಿನ ಬ್ಯಾಂಕ್ ಖಾತೆ. ಎನ್‌ಆರ್‌ಇ ಡಿಪಾಸಿಟ್‌ನ (ವಿದೇಶದಲ್ಲಿರುವ ಭಾರತೀಯರು ಊರಿನ ಬ್ಯಾಂಕಿನಲ್ಲಿ ಇಡುವ ಠೇವಣಿ) ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಸರಿ. ಆದರೆ ನೀವು ಇಲ್ಲಿ ತೆರಿಗೆ ಲೆಕ್ಕದಲ್ಲಿ ರೆಸಿಡೆಂಟ್ ಆಗಿದ್ದರೆ ಅದನ್ನು ಇಲ್ಲಿನ ಆದಾಯಕ್ಕೆ ಸೇರಿಸಬೇಕು. ಊರಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ ಎಂಬ ಬೇರೆ ವರದಿಯನ್ನೂ ಕೊಡಬೇಕು. ಅದನ್ನು ನೀವೇ ಆನ್‌ಲೈನ್‌ನಲ್ಲಿ ಪುಕ್ಕಟೆ ಸಲ್ಲಿಸಬಹುದು. ಭಾರತದ ಮ್ಯೂಚುವಲ್ ಫಂಡ್, ಬಾಡಿಗೆಗೆ ಕೊಟ್ಟ ಮನೆ ಇದ್ದರೆ ವೀಟಾದವರು ಮಾಡಿಕೊಡುವುದಿಲ್ಲ, ಅದು ಅವರ ವ್ಯಾಪ್ತಿ ಮೀರಿದ್ದು. ಹೋದ ಕೂಡಲೇ ಎಲ್ಲ ಹೇಳಿಬಿಡಿ. ಮುಚ್ಚಿಟ್ಟರೆ ಮುಂದೆ ನೋಟಿಸ್ ಬರುವುದು ನಿಮಗೆ.

ಎಫ್-1 ವೀಸಾದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆ ಲೆಕ್ಕದಲ್ಲಿ ನಾನ್‌ರೆಸಿಡೆಂಟ್. ಅವರದು 1040-ಎನ್‌ಆರ್ ಫಾರ್ಮ್, ಎಲ್ಲರಂತೆ 1040 ಅಲ್ಲ. ಆದಾಯ ಇಲ್ಲದಿದ್ದರೂ 8843 ಎಂಬ ಫಾರ್ಮ್ ಕಳಿಸಬೇಕು. ಭಾರತ ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ತೆರಿಗೆ ಇಲ್ಲದೆ ಕಳೆಯುವ ನಿಗದಿತ ಮೊತ್ತ) ಸಿಗುತ್ತದೆ. ಬೇರೆ ದೇಶದ ಹೆಚ್ಚಿನ ವಿದ್ಯಾರ್ಥಿಗಳಿಗೆ ಇದು ಇಲ್ಲ. ವಿದೇಶಿ ವಿದ್ಯಾರ್ಥಿಗಳ ರಿಟರ್ನ್ ಮಾಡುವವರು ಇದ್ದಾರಾ ಅಂತ ಮೊದಲೇ ಕೇಳಿ ಹೋಗಿ, ಎಲ್ಲ ಕೇಂದ್ರಗಳಲ್ಲೂ ಇರುವುದಿಲ್ಲ.

ಹೋಗುವಾಗ ಫೋಟೋ ಇರುವ ಗುರುತಿನ ಚೀಟಿ, ಮನೆಯವರೆಲ್ಲರ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಅಥವಾ ಐಟಿಐಎನ್ ಪತ್ರ, ಸಂಬಳದ ಡಬ್ಲ್ಯೂ-2, ಬಡ್ಡಿ ಮುಂತಾದ ಬೇರೆ ಆದಾಯದ 1099, ಹೋದ ವರ್ಷದ ರಿಟರ್ನ್, ಬ್ಯಾಂಕ್ ಖಾತೆಯ ನಂಬರ್ ಇಟ್ಟುಕೊಳ್ಳಿ. ಆರೋಗ್ಯ ವಿಮೆ ಸರ್ಕಾರದ ಮಾರ್ಕೆಟ್‌ಪ್ಲೇಸ್‌ನಿಂದ ತೆಗೆದುಕೊಂಡಿದ್ದರೆ ಅದರ 1095-ಎ ಫಾರ್ಮ್ ಮರೆಯಬೇಡಿ, ಅದಿಲ್ಲದೆ ಎಷ್ಟೋ ಜನ ವಾಪಸ್ ಬರುತ್ತಾರೆ. ಜಂಟಿ ರಿಟರ್ನ್ ಆದರೆ ಇಬ್ಬರೂ ಹೋಗಬೇಕು. ಹತ್ತಿರದ ಕೇಂದ್ರ ತಿಳಿಯಲು ಐಆರ್‌ಎಸ್‌ನ 800-906-9887ಕ್ಕೆ ಫೋನ್ ಮಾಡಿ. ಫೆಬ್ರವರಿಯಲ್ಲೇ ಅಪಾಯಿಂಟ್‌ಮೆಂಟ್ ಹಿಡಿದರೆ ಒಳ್ಳೆಯದು, ಏಪ್ರಿಲ್ ಬಂದರೆ ಸರದಿ ಉದ್ದ.

ಮರುವರ್ಷ ಲೈಬ್ರರಿಗೆ ಹೋದಾಗ ನಮ್ಮ ಹಳೆಯ ರಿಟರ್ನನ್ನೂ ಒಯ್ದಿದ್ದೆವು. ಅಲ್ಲಿದ್ದ ವಯಸ್ಸಾದ ಹೆಂಗಸು ಅದನ್ನು ನಿಧಾನವಾಗಿ ಓದಿ, "ಚಿಕ್ಕ ಮಗು ಯಾವಾಗ ಹುಟ್ಟಿತು?" ಎಂದು ಕೇಳಿದರು. ಹೋದ ಸಲದ ಲೆಕ್ಕದ ವರ್ಷದಲ್ಲೇ, ಡಿಸೆಂಬರ್ ಕೊನೆಯಲ್ಲಿ. ವರ್ಷದ ಕೊನೆಯ ದಿನ ಹುಟ್ಟಿದ ಮಗುವೂ ಇಡೀ ವರ್ಷಕ್ಕೆ ಸೇರುತ್ತದೆ, ಹಿಂದಿನವರು ಬಿಟ್ಟುಬಿಟ್ಟಿದ್ದರು. ಹಳೆಯ ರಿಟರ್ನ್ ತಿದ್ದುವ ಫಾರ್ಮ್ 1040-ಎಕ್ಸ್ ತುಂಬಿ ತಿದ್ದಿಸಿದೆವು. ಹೀಗೆ ಬಿಟ್ಟುಹೋದ ದುಡ್ಡು ಕೇಳಲು ಸಾಮಾನ್ಯವಾಗಿ ಮೂರು ವರ್ಷ ಅವಕಾಶ ಇದೆ. ನಿಮ್ಮ ಹಳೆಯ ರಿಟರ್ನ್‌ಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.