ಐಸ್‌ಬರ್ಗ್ ಗುಲಾಬಿ: ಧೈರ್ಯವಾಗಿ ಕತ್ತರಿಸಿ, ಎಲೆ ಮಾತ್ರ ಒದ್ದೆ ಮಾಡಬೇಡಿ

ಬಿಳಿ ಗುಲಾಬಿ ಬೇಕು, ಆದರೆ ದಿನಾ ಅದರ ಸೇವೆ ಮಾಡಲು ಪುರುಸೊತ್ತಿಲ್ಲ ಅನ್ನುವವರಿಗೆ ನಾನು ಹೇಳುವುದು ಒಂದೇ ಹೆಸರು, ಐಸ್‌ಬರ್ಗ್. ಇದು ಫ್ಲೋರಿಬಂಡಾ ಜಾತಿ, ಅಂದರೆ ಒಂದು ಕಡ್ಡಿಗೆ ಒಂದೇ ದೊಡ್ಡ ಹೂ ಅಲ್ಲ, ಗೊಂಚಲು ಗೊಂಚಲಾಗಿ ಬಿಡುತ್ತದೆ. 1958ರಲ್ಲಿ ಜರ್ಮನಿಯ ಕೋರ್ಡೆಸ್ ನರ್ಸರಿಯವರು ಹೊರತಂದ ತಳಿ. ಹಿಮ ಬೀಳುವ ಊರಿನದು, ನಮ್ಮ ಬೆಂಗಳೂರಿಗೆ ಹೇಗೆ ಒಗ್ಗುತ್ತದೆ ಅಂತ ನನಗೂ ಅನುಮಾನ ಇತ್ತು. ಒಗ್ಗುವುದೇನು, ಇಲ್ಲಿ ಗಿಡ ನಿದ್ದೆ ಹೋಗುವಷ್ಟು ಚಳಿಯೇ ಇಲ್ಲದ ಕಾರಣ ವರ್ಷಪೂರ್ತಿ ಸರದಿಯ ಮೇಲೆ ಹೂ ಬಿಡುತ್ತಲೇ ಇರುತ್ತದೆ. ಮುಳ್ಳೂ ಕಮ್ಮಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಪರಿಮಳ ತುಂಬಾ ತೆಳು, ಮತ್ತು ಮುಡಿಯಲು ಇದು ಆಗುವುದಿಲ್ಲ, ಮಧ್ಯಾಹ್ನದೊಳಗೆ ಎಸಳೆಲ್ಲ ಭುಜದ ಮೇಲೆ ಬಿದ್ದಿರುತ್ತವೆ.

ನರ್ಸರಿಯಲ್ಲಿ ಹೂವನ್ನು ನೋಡಿ ಮರುಳಾಗಬೇಡಿ, ಬುಡ ನೋಡಿ. ಕಸಿ ಮಾಡಿದ ಜಾಗದಲ್ಲಿ ಒಂದು ಗಂಟು ಇರುತ್ತದೆ. ಅದರ ಮೇಲಿನಿಂದ ಎರಡು ಮೂರು ಗಟ್ಟಿ ರೆಂಬೆ ಬಂದಿರಬೇಕು. ಬಳ್ಳಿಯಾಗಿ ಹಬ್ಬುವ ಐಸ್‌ಬರ್ಗ್ ಕೂಡ ಇದೆ, ಗೋಡೆಗೆ ಹಬ್ಬಿಸುವುದಿಲ್ಲ ಅಂದರೆ ಪೊದೆಯದ್ದೇ ಬೇಕು ಅಂತ ಕೇಳಿ ತೆಗೆದುಕೊಳ್ಳಿ.

ಮನೆಗೆ ತಂದ ದಿನವೇ ನೆಡುವ ಆತುರ ಬೇಡ. ಒಂದು ವಾರ ಇಡಬೇಕಾದ ಜಾಗದ ಹತ್ತಿರವೇ ಇರಲಿ, ಗಾಳಿ ಬಿಸಿಲು ಅಭ್ಯಾಸವಾಗಲಿ. ಆಮೇಲೆ ಕವರ್ ಹರಿದು ನೋಡಿದರೆ ಬಹಳಷ್ಟು ಸಲ ಬೇರಿನ ಸುತ್ತ ಅಂಟು ಜೇಡಿಮಣ್ಣಿನ ಒಂದು ಉಂಡೆ ಸಿಗುತ್ತದೆ. ಈ ಉಂಡೆಯನ್ನು ಹಾಗೇ ನೆಟ್ಟರೆ ಕೆಲವು ಗಿಡ ತಿಂಗಳುಗಟ್ಟಲೆ ಬೆಳೆಯದೆ ಕೂತುಬಿಡುತ್ತವೆ, ಯಾಕೆಂದರೆ ಉಂಡೆ ಒಣಗಿದರೆ ಕಲ್ಲು, ನೆನೆದರೆ ಕೆಸರು. ನಾನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಹೊರಗಿನ ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸುತ್ತೇನೆ. ಪೂರ್ತಿ ತೆಗೆಯಲು ಹೋಗಿ ಬೇರು ಹರಿಯಬೇಡಿ.

ಜಾಗಕ್ಕೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು, ಬೆಳಗಿನ ಬಿಸಿಲಾದರೆ ಇನ್ನೂ ಒಳ್ಳೆಯದು. ಒಂದೂವರೆ ಅಡಿ ಗುಂಡಿ ತೋಡಿ, ಕೆಂಪು ಮಣ್ಣಿಗೆ ಅದರ ಅರ್ಧದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಮೂಳೆ ಪುಡಿ ಬೆರೆಸಿ. ಹಸಿ ಸಗಣಿ ಹಾಕಿದರೆ ಬೇರು ಸುಡುತ್ತದೆ. ಕುಂಡವಾದರೆ ಹದಿನಾಲ್ಕು ಇಂಚಿನದು ಇರಲಿ, ತಳದಲ್ಲಿ ನೀರು ಸರಾಗ ಹರಿಯಬೇಕು. ಕಸಿ ಗಂಟು ಮಣ್ಣಿನಿಂದ ಒಂದು ಇಂಚು ಮೇಲಿರಲಿ. ಚಳಿ ದೇಶದವರು ಗಂಟನ್ನು ಮಣ್ಣಿನೊಳಗೆ ಹೂಳುತ್ತಾರೆ, ಅದು ಹಿಮದಿಂದ ಕಾಪಾಡುವುದಕ್ಕೆ. ನಮಗೆ ಆ ಚಿಂತೆ ಇಲ್ಲ.

ಗಂಟಿನ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಮೊದಲ ಗಿಡದಲ್ಲಿ ಬುಡದಿಂದ ಒಂದು ರೆಂಬೆ ಸರ್ರನೆ ಮೇಲೆದ್ದು ಆರಡಿ ಬೆಳೆಯಿತು, ಪಕ್ಕದ ಮನೆಯವರನ್ನು ಕರೆದು ತೋರಿಸಿದ್ದೂ ಆಯಿತು. ಹೂ ಮಾತ್ರ ಇಲ್ಲ. ಆಮೇಲೆ ಬಗ್ಗಿ ನೋಡಿದರೆ ಅದು ಗಂಟಿನ ಕೆಳಗಿನಿಂದ, ಕಸಿಗೆ ಬುಡವಾಗಿ ಬಳಸಿದ ಬೇರು ಗಿಡದಿಂದ ಬಂದ ಕಾಡು ಚಿಗುರು! ಅಷ್ಟು ಹೊತ್ತಿಗೆ ಮೇಲಿನ ಐಸ್‌ಬರ್ಗ್ ಒಣಗಿ ಕಡ್ಡಿಯಾಗಿತ್ತು. ಅಂಥದ್ದು ಕಂಡರೆ ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಿರಿ. ಮೇಲೆ ಕತ್ತರಿಸಿದರೆ ಒಂದರ ಜಾಗದಲ್ಲಿ ಮೂರು ಬರುತ್ತವೆ.

ಈಗ ಮುಖ್ಯ ವಿಷಯ, ಕಪ್ಪು ಚುಕ್ಕೆ ರೋಗ. ಐಸ್‌ಬರ್ಗ್ ಎಷ್ಟೇ ಗಟ್ಟಿ ಗಿಡ ಅಂದರೂ ಇದೊಂದು ಅದರ ದೌರ್ಬಲ್ಯ. ಎಲೆ ಮೇಲೆ ಅಂಚು ಹರಿದಂತಿರುವ ಕಪ್ಪು ಚುಕ್ಕೆ, ಆಮೇಲೆ ಸುತ್ತ ಹಳದಿ, ಆಮೇಲೆ ಎಲೆ ಉದುರುವುದು. ಈ ಶಿಲೀಂಧ್ರ ಎಲೆಗೆ ಹತ್ತಬೇಕಾದರೆ ಎಲೆ ಸುಮಾರು ಏಳು ಗಂಟೆ ಒಂದೇ ಸಮನೆ ಒದ್ದೆಯಾಗಿರಬೇಕು. ಅಂದರೆ ಸಂಜೆ ಪೈಪ್ ಹಿಡಿದು ಗಿಡದ ತಲೆ ಮೇಲೆ ನೀರು ಹೊಡೆಯುವುದು ರೋಗಕ್ಕೆ ಕರೆದು ಊಟ ಹಾಕಿದ ಹಾಗೆ. ಬೆಳಿಗ್ಗೆ, ಬುಡಕ್ಕೆ, ನಿಧಾನವಾಗಿ ಹಾಕಿ. ಬೆರಳು ಒಂದಿಂಚು ಮಣ್ಣಿಗೆ ಚುಚ್ಚಿ ನೋಡಿ, ಹಸಿ ಇದ್ದರೆ ಅವತ್ತು ನೀರು ಬೇಡ. ಉದುರಿದ ಎಲೆಯನ್ನು ಬುಡದಲ್ಲಿ ಬಿಡಬೇಡಿ, ಕಾಂಪೋಸ್ಟ್‌ಗೂ ಹಾಕಬೇಡಿ. ಮಳೆಗಾಲದಲ್ಲಿ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕಲಸಿ ಹತ್ತು ದಿನಕ್ಕೊಮ್ಮೆ, ಮಳೆ ಇಲ್ಲದ ದಿನ, ಬಿಸಿಲು ಇಳಿದ ಮೇಲೆ ಆದರೆ ಕತ್ತಲಾಗುವ ಮುಂಚೆ ಎಲೆ ಒಣಗುವಷ್ಟು ಸಮಯ ಬಿಟ್ಟು ಸಿಂಪಡಿಸಿ. ಒಂದಷ್ಟು ಎಲೆ ಉದುರಿದರೂ ಗಾಬರಿ ಬೇಡ, ಮತ್ತೆ ಚಿಗುರುತ್ತದೆ.

ಬೇಸಿಗೆಯಲ್ಲಿ ಎಲೆ ಮಂಕಾಗಿ, ಅಡಿಭಾಗದಲ್ಲಿ ಸಣ್ಣ ಬಲೆ ಕಂಡರೆ ಅದು ಕೆಂಪು ನುಸಿ. ಅದಕ್ಕೆ ಮಾತ್ರ ಎಲೆ ಒದ್ದೆ ಮಾಡಬೇಡಿ ಅನ್ನುವ ನಿಯಮ ಮುರಿಯಬಹುದು: ಬೆಳಿಗ್ಗೆ ಎಲೆಯ ಅಡಿಗೆ ಜೋರಾಗಿ ನೀರು ಹೊಡೆಯಿರಿ, ಮೂರು ನಾಲ್ಕು ದಿನ. ಎಸಳಿನ ಅಂಚು ಸುಟ್ಟಂತೆ ಕಂದಿದರೆ ಥ್ರಿಪ್ಸ್ ಅನ್ನುವ ಸಣ್ಣ ಕೀಟ ಇರಬಹುದು, ಬಿಳಿ ಹೂವಿನಲ್ಲಿ ಅದು ಎದ್ದು ಕಾಣುತ್ತದೆ. ಕೆಟ್ಟ ಮೊಗ್ಗುಗಳನ್ನು ಕಿತ್ತು ಆಚೆ ಎಸೆಯಿರಿ.

ಕತ್ತರಿ ಹಿಡಿಯಲು ಜನ ಯಾಕೆ ಹೆದರುತ್ತಾರೋ ಗೊತ್ತಿಲ್ಲ. ಗೊಂಚಲು ಬಾಡಿದ ಕೂಡಲೇ, ಬರೀ ಹೂ ಚಿವುಟುವುದಲ್ಲ, ಕೆಳಗಿನ ಒಂದೆರಡು ಒಳ್ಳೆಯ ಎಲೆಯವರೆಗೆ ಕಡ್ಡಿ ಸಮೇತ ಕತ್ತರಿಸಿ. ದೊಡ್ಡ ಸವರುವಿಕೆ ಮಳೆ ನಿಂತ ಮೇಲೆ, ದೀಪಾವಳಿ ಆಸುಪಾಸು. ಒಣಗಿದ್ದು, ಒಳಗೆ ಒಂದಕ್ಕೊಂದು ಉಜ್ಜುವುದು, ಪೆನ್ಸಿಲ್‌ಗಿಂತ ತೆಳು ಕಡ್ಡಿ, ಎಲ್ಲ ತೆಗೆದು ಉಳಿದದ್ದನ್ನು ಮೂರನೇ ಒಂದು ಭಾಗ ಇಳಿಸಿ. ಹೊರಮುಖದ ಕಣ್ಣಿನ, ಅಂದರೆ ಚಿಗುರು ಒಡೆಯುವ ಜಾಗದ, ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಬೇಕು. ಕತ್ತರಿಸಿದ ಕಡ್ಡಿಯ ನಡುವೆ ಕಂದು ಬಣ್ಣ ಇದ್ದರೆ ಬಿಳಿ ತಿರುಳು ಕಾಣುವವರೆಗೂ ಇನ್ನೂ ಕೆಳಗೆ ಹೋಗಿ. ಆಮೇಲೆ ಬುಡಕ್ಕೆ ಎರೆಗೊಬ್ಬರ ಎರಡು ಹಿಡಿ, ಹದಿನೈದು ದಿನಕ್ಕೊಮ್ಮೆ ಮೂರು ದಿನ ನೆನೆಸಿದ ಕಡಲೆಕಾಯಿ ಹಿಂಡಿ ನೀರನ್ನು ಹತ್ತು ಪಟ್ಟು ತೆಳು ಮಾಡಿ ಒಂದೊಂದು ಮಗ್. ವಾಸನೆ ಬರುತ್ತದೆ, ನೆಂಟರು ಬರುವ ದಿನ ಬೇಡ. ಆರೇಳು ವಾರಕ್ಕೆ ಗಿಡ ತುಂಬಾ ಮೊಗ್ಗು.

ಡಿಸೆಂಬರ್ ಚಳಿಗೆ ಈ ಮೊಗ್ಗುಗಳ ಮೇಲೆ ತಿಳಿ ಗುಲಾಬಿ ಬಣ್ಣ ಕಾಣಿಸಬಹುದು, ಅರಳಿದ ಬಿಳಿ ಎಸಳಿನ ಮೇಲೂ ಕೆಂಪು ಚುಕ್ಕೆ ಚೆಲ್ಲಿದಂತೆ ಬೀಳಬಹುದು. ತಂಪು ಮತ್ತು ತೇವಕ್ಕೆ ಐಸ್‌ಬರ್ಗ್ ಹಾಗೆ ಮಾಡುತ್ತದೆ. ನರ್ಸರಿಯವರು ಬೇರೆ ಗಿಡ ಕೊಟ್ಟರು ಅಂತ ಜಗಳಕ್ಕೆ ಹೋಗಬೇಡಿ, ಬಿಸಿಲು ಏರಿದ ಮೇಲೆ ಬರುವ ಹೂವು ಮತ್ತೆ ಅಚ್ಚ ಬಿಳಿಯೇ ಇರುತ್ತದೆ.